ಹಳೆಯ ಟ್ರ್ಯಾಕ್ಟರಿನ ಎಂಜಿನ್ ಅತಿಯಾಗಿ ಕಾಯುವುದೇಕೆ? ಕಾರಣ ಹುಡುಕುವ ಕ್ರಮ

ಗೋವೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಟ್ರ್ಯಾಕ್ಟರಿನ ನಂಟು ಎರಡು ಕಡೆಯದು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಹೊಲಗಳಲ್ಲಿ ಅಣ್ಣತಮ್ಮಂದಿರು ಉಳುವ ಹಳೆಯ ಟ್ರ್ಯಾಕ್ಟರ್ ಒಂದು. ಇಲ್ಲಿ ಸಾಲ್ಸೆಟ್, ಸತ್ತರಿ, ಬಿಚೋಲಿ ತಾಲೂಕುಗಳ ಭತ್ತದ ಗದ್ದೆಯಲ್ಲೋ ಕಲ್ಲುಮಣ್ಣು ಸಾಗಿಸುವ ಕೆಲಸದಲ್ಲೋ ದುಡಿಯುವ ಟ್ರ್ಯಾಕ್ಟರ್ ಇನ್ನೊಂದು. ಎರಡೂ ಕಡೆ ಒಂದೇ ದೂರು ಕೇಳಿಬರುತ್ತದೆ: ಎಂಜಿನ್ ಬಹಳ ಕಾಯುತ್ತದೆ, ನೀರು ಕುದಿಯುತ್ತದೆ. ಉಳಿದದ್ದು ಅರ್ಧ ಎಕರೆಯಷ್ಟೇ ಎಂದು ಹಾಗೆಯೇ ಓಡಿಸಿದರೆ ಹೆಡ್ ಬಿರುಕು ಬಿಡಬಹುದು, ಪಿಸ್ಟನ್ ಲೈನರಿಗೆ ಕಚ್ಚಿಕೊಳ್ಳಬಹುದು. ಅಲ್ಲಿಗೆ ಆ ಹಂಗಾಮಿನ ಸಂಪಾದನೆ ಮುಗಿದಂತೆ. ಆದರೆ ಇಂಥ ದೂರುಗಳ ಮೂಲ ಬಹುಮಟ್ಟಿಗೆ ಎಂಜಿನ್ನಿನ ಹೊರಗಡೆಯೇ ಇರುತ್ತದೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಖರ್ಚಿನ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಎಚ್ಚರಿಕೆ

ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಅದು ಪ್ರೆಷರ್ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ತೆರೆದ ಕ್ಷಣದಲ್ಲಿ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ. ನೀರು ಸೋರದೆ ಮುಳ್ಳು ಮಾತ್ರ ಏರಿದ್ದರೆ, ಭಾರ ಇಳಿಸಿ ನಿಧಾನ ವೇಗದಲ್ಲಿ ಕೆಲವು ನಿಮಿಷ ಎಂಜಿನ್ ಓಡಲು ಬಿಟ್ಟು ಅನಂತರ ನಿಲ್ಲಿಸಬೇಕು. ಪೈಪು ಒಡೆದು ನೀರು ಹರಿದುಹೋಗಿದ್ದರೆ ಅಥವಾ ಬೆಲ್ಟ್ ಕಡಿದಿದ್ದರೆ ಕೂಡಲೇ ನಿಲ್ಲಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬೀಡುಕಬ್ಬಿಣ ಸೀಳುತ್ತದೆ. ಕೈಯಿಟ್ಟು ತಾಳುವಷ್ಟು ಆರಿದ ಮೇಲೆಯೇ ಮುಚ್ಚಳ ತೆರೆಯಿರಿ. ಸುಟ್ಟ ಗಾಯವಾದರೆ ಟೂತ್‌ಪೇಸ್ಟ್ ಹಚ್ಚದೆ, 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು, 108ಕ್ಕೆ ಕರೆ ಮಾಡಿ. ಗೋವೆಯಲ್ಲೂ ಕರ್ನಾಟಕದಲ್ಲೂ ಆಂಬುಲೆನ್ಸಿನ ಸಂಖ್ಯೆ ಅದೇ.

ಬಿಸಿ ಹೊರಹೋಗುವ ಬಗೆ

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಸೈಲೆನ್ಸರಿನ ಮೂಲಕವೂ ತಂಪುನೀರಿನ ಮೂಲಕವೂ ಹೊರಹೋಗಬೇಕು. ವಾಟರ್ ಪಂಪ್ ನೀರನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಥರ್ಮೋಸ್ಟಾಟ್ ತೆರೆದುಕೊಂಡು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ಫ್ಯಾನಿನ ಗಾಳಿ ನೀರನ್ನು ತಣಿಸುತ್ತದೆ.

ಬರಿಯ ನೀರು ಗೋವೆಯ ಕಡಲತೀರದಲ್ಲಿ 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ 98ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವ 7 ಪೌಂಡ್ ಒತ್ತಡದ ಮುಚ್ಚಳ ಈ ಮಿತಿಯನ್ನು ಹತ್ತು ಡಿಗ್ರಿಗಿಂತ ತುಸು ಹೆಚ್ಚು ಏರಿಸುತ್ತದೆ. ಆದುದರಿಂದ ಮುಚ್ಚಳದ ರಬ್ಬರ್ ಹರಿದಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ, ಬೇರೆಲ್ಲವೂ ಸರಿಯಿದ್ದರೂ ನೀರು ಕುದಿದು ಚೆಲ್ಲುತ್ತದೆ.

ಯಾವಾಗ ಕಾಯುತ್ತದೆ?

ಮೊದಲ ಪ್ರಶ್ನೆ, ಎಂಜಿನ್ ನಿಜವಾಗಿಯೂ ಕಾದಿದೆಯೇ ಎಂಬುದು. ಹಳೆಯ ಮೀಟರಿನ ವೈರ್ ಸಡಿಲವಾಗಿದ್ದರೆ ಅಥವಾ ಬಾಡಿಗೆ ತಾಗುತ್ತಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ವರ್ಕ್‌ಶಾಪಿನಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅದರಿಂದ ತಾಳೆ ನೋಡಬೇಕು. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ನೀರು ಸೆನ್ಸರಿಗಿಂತ ಕೆಳಗಿಳಿದಿದ್ದರೆ ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ತಣ್ಣಗೆ ತೋರಿಸಬಹುದು.

ನಿಜವಾಗಿ ಕಾದಿದ್ದರೆ, ಅದು ಕಾಯುವ ಸಂದರ್ಭವೇ ಕಾರಣದತ್ತ ಬೆರಳು ತೋರಿಸುತ್ತದೆ. ರಸ್ತೆಯಲ್ಲಿ ಸರಿಯಿದ್ದು, ರೋಟವೇಟರ್ ಹಾಕಿದಾಗ ಅಥವಾ ರಾಶಿ ಯಂತ್ರ ನಡೆಸುವಾಗ ಮಾತ್ರ ಕಾದರೆ ರೇಡಿಯೇಟರಿನ ಜಾಲಿಯಲ್ಲಿ ಹೊಟ್ಟು ಕಟ್ಟಿರಬಹುದು, ಬೆಲ್ಟ್ ಜಾರುತ್ತಿರಬಹುದು, ಇಲ್ಲವೇ ಭಾರಕ್ಕೆ ತಕ್ಕ ಗೇರ್ ಹಾಕಿಲ್ಲದಿರಬಹುದು. ತಣ್ಣಗಿದ್ದ ಎಂಜಿನ್ ಹೊರಟ ಹತ್ತು ಹದಿನೈದು ನಿಮಿಷದಲ್ಲೇ ಕಾದರೆ ನೀರಿನ ಕೊರತೆ, ಒಳಗೆ ಸಿಕ್ಕಿಕೊಂಡ ಗಾಳಿ, ತೆರೆಯದ ಥರ್ಮೋಸ್ಟಾಟ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಸೋರಿಕೆಯನ್ನು ಶಂಕಿಸಬೇಕು. ತಿಂಗಳಿನಿಂದ ತಿಂಗಳಿಗೆ ನಿಧಾನವಾಗಿ ಹೆಚ್ಚುತ್ತ ಬಂದಿದ್ದರೆ ಒಳಗೆ ಸುಣ್ಣ, ತುಕ್ಕು ಕಟ್ಟಿದೆಯೆಂದು ತಿಳಿಯಬೇಕು.

ಪರೀಕ್ಷೆಯ ಕ್ರಮ

ಈ ಪರೀಕ್ಷೆಗಳನ್ನು ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಮಾಡಬೇಕು. ಓಡಿಸಿ ನೋಡಬೇಕಾದುದನ್ನು ಆಯಾ ಕಡೆ ಹೇಳಿದ್ದೇವೆ.

1. ಜಾಲಿ: ಹೊಟ್ಟು, ಕೆಸರು, ಹುಳುಗಳನ್ನು ಫ್ಯಾನಿನ ಕಡೆಯಿಂದ ಮುಂದಕ್ಕೆ, ಹದವಾದ ಗಾಳಿ ಅಥವಾ ನೀರಿನಿಂದ ಹೊರದೂಡಬೇಕು. ಒತ್ತಡ ಹೆಚ್ಚಾದರೆ ಜಾಲಿಯ ತಗಡು ಮಡಚಿಕೊಳ್ಳುತ್ತದೆ. ಎಣ್ಣೆಜಿಡ್ಡು ಇದ್ದರೆ ಸಾಬೂನು ನೀರಿನಿಂದ ತೊಳೆಯಬೇಕು.

2. ನೀರು, ಮುಚ್ಚಳ, ಪೈಪು: ನೀರಿನ ಮಟ್ಟ ನೋಡಿ, ಸೋರಿ ಒಣಗಿದ ಬಿಳಿಯ ಅಥವಾ ತುಕ್ಕಿನ ಕಲೆಗಳನ್ನು ಹುಡುಕಿ. ಎಂಜಿನ್ ವೇಗ ಏರಿಸಿದಾಗ ಕೆಳಗಿನ ಹೋಸ್ ಪೈಪ್ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತಿದ್ದರೆ ಅದನ್ನು ಬದಲಿಸಬೇಕು. ಇದನ್ನು ದೂರದಿಂದ ನೋಡಿದರೆ ಸಾಕು, ಫ್ಯಾನಿನ ಬಳಿ ಕೈಯೊಡ್ಡಬಾರದು.

3. ಫ್ಯಾನ್ ಬೆಲ್ಟ್: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 12ರಿಂದ 20 ಮಿ.ಮೀ. ಬಗ್ಗಬೇಕು, ನಿಖರ ಅಳತೆಗೆ ಆ ಮಾಡೆಲಿನ ಕೈಪಿಡಿಯೇ ಪ್ರಮಾಣ. ಹೊಳಪೇರಿದ, ಬಿರುಕು ಬಿಟ್ಟ ಬೆಲ್ಟ್ ಬಿಗಿಯಾಗಿದ್ದರೂ ಜಾರುತ್ತದೆ.

4. ಥರ್ಮೋಸ್ಟಾಟ್: ಅದನ್ನು ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಗೆ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಅದರ ಮೇಲೆ ಅಚ್ಚಾಗಿರುವ ಉಷ್ಣತೆಯ ಹತ್ತಿರ ತೆರೆಯಲಾರಂಭಿಸದಿದ್ದರೆ ಹೊಸದು ಬೇಕು. ತೆಗೆದು ಎಸೆದು ಹಾಗೆಯೇ ಓಡಿಸುವ ರೂಢಿ ಸರಿಯಲ್ಲ. ಹಗುರ ಕೆಲಸದಲ್ಲಿ ಎಂಜಿನ್ ಹದವಾಗಿ ಬಿಸಿಯಾಗದೆ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ.

5. ರೇಡಿಯೇಟರ್ ಒಳಭಾಗ ಮತ್ತು ಪಂಪ್: ಕೆಲಸ ಮಾಡಿ ನಿಲ್ಲಿಸಿದ ಕೂಡಲೇ ಥರ್ಮಾಮೀಟರಿನಿಂದ ಅಳೆದಾಗ ಜಾಲಿಯ ಕೆಲವು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿನ ನಳಿಗೆಗಳು ಕಟ್ಟಿವೆ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ. ಫ್ಯಾನ್ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಸವೆದಿದೆ.

6. ಹೆಡ್ ಗ್ಯಾಸ್ಕೆಟ್: ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿ, ನೀರು ಬಿಸಿಯಾಗುವ ಮೊದಲೇ ನಿಲ್ಲಿಸಬೇಕು. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹದಂತೆ ಕಂಡರೆ, ಹೊರಗೆಲ್ಲೂ ಸೋರದೆ ನೀರು ದಿನವೂ ಕಡಿಮೆಯಾಗುತ್ತಿದ್ದರೆ, ಆಗ ಹೆಡ್ ಬಿಚ್ಚುವುದಕ್ಕೆ ಕಾರಣವಿದೆ.

ಇವೆಲ್ಲ ಸರಿಯಿದ್ದರೆ ಏರ್ ಕ್ಲೀನರ್, ಎಂಜಿನ್ ಆಯಿಲ್ ಮಟ್ಟ, ಬ್ರೇಕ್ ಹಿಡಿದುಕೊಂಡಿರುವುದು ಮತ್ತು ಡೀಸೆಲ್ ಪಂಪಿನ ಟೈಮಿಂಗ್ ನೋಡಿಸಬೇಕು. ಐಷರ್ ಸಂಸ್ಥೆಯ ಅನೇಕ ಹಳೆಯ ಮಾಡೆಲ್‌ಗಳು ಗಾಳಿಯಿಂದ ತಣಿಯುವಂಥವು. ಅವುಗಳಿಗೆ ರೇಡಿಯೇಟರೇ ಇಲ್ಲ. ಸಿಲಿಂಡರಿನ ಏಣುಗಳ ನಡುವೆ ಕಟ್ಟಿದ ಕೊಳೆಯನ್ನೂ ಗಾಳಿ ಬೀಸುವ ಫ್ಯಾನನ್ನೂ ನೋಡಬೇಕು.

ಯಾವ ನೀರು?

ಎರಡು ನಾಡಿನ ನಂಟಿರುವ ನಮ್ಮ ಓದುಗರು ಈ ಪ್ರಶ್ನೆಗೆ ವಿಶೇಷ ಗಮನ ಕೊಡಬೇಕೆಂದು ಕೋರುತ್ತೇವೆ. ಉತ್ತರ ಕರ್ನಾಟಕದ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಅದು ಕಾದಂತೆಲ್ಲ, ಒಲೆಯ ಮೇಲಿನ ಹಂಡೆಯಲ್ಲಿ ಕಾಣುವ ಅದೇ ಬಿಳಿಯ ಪದರು ಎಂಜಿನ್ನಿನೊಳಗೂ ಬೆಳೆಯುತ್ತದೆ. ಆ ಪದರು ಬೀಡುಕಬ್ಬಿಣಕ್ಕಿಂತ ಹತ್ತು ಪಟ್ಟಿಗೂ ಕಡಿಮೆ ಶಾಖವನ್ನು ದಾಟಿಸುತ್ತದೆ. ನೀರು ತುಂಬಿದ್ದರೂ ಎಂಜಿನ್ ಕಾಯುವುದಕ್ಕೆ ಇದೊಂದು ಕಾರಣ. ಗೋವೆಯ ಕಷ್ಟ ಬೇರೆ. ಉತ್ತರ ಕನ್ನಡದವರು ಗಜನಿ ಎನ್ನುವಂಥ ಭೂಮಿ ಇಲ್ಲಿ ಖಾಜನ್. ಆ ಗದ್ದೆಗಳ ಮತ್ತು ಅಳಿವೆಗಳ ಬದಿಯ ಬಾವಿನೀರಿನಲ್ಲಿ ಬೇಸಿಗೆಯ ಹೊತ್ತಿಗೆ ಉಪ್ಪು ಏರಬಹುದು. ಉಪ್ಪು ಪಂಪು, ಲೈನರು, ರೇಡಿಯೇಟರುಗಳನ್ನು ಕೊರೆಯುತ್ತದೆ. ಹಾಗಾಗಿ ಕೈಗೆ ಸಿಕ್ಕ ಗದ್ದೆಯ ನೀರನ್ನು ಸುರಿಯುವುದು ಉಳಿತಾಯವಲ್ಲ.

ತಯಾರಕರು ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ, ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕುವುದೇ ಉತ್ತಮ. ಅದು ತುಕ್ಕನ್ನು ತಡೆದು ಕುದಿಯುವ ಮಿತಿಯನ್ನೂ ಏರಿಸುತ್ತದೆ. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಅದನ್ನು ತುಂಬಿಡಬಾರದು. ಮಕ್ಕಳಿಗೂ ನಾಯಿಗಳಿಗೂ ಎಟುಕದಂತೆ ಇಡಬೇಕು.

ಮೆಕ್ಯಾನಿಕ್ ಬಳಿ ಹೋಗುವಾಗ

ಬರಿದೆ ‘ಗಾಡಿ ಕಾಯುತ್ತದೆ’ ಎಂದರೆ ಸಾಲದು. ಎಷ್ಟು ನಿಮಿಷಕ್ಕೆ ಕಾಯಿತು, ಯಾವ ಕೆಲಸದಲ್ಲಿ, ಯಾವ ಗೇರಿನಲ್ಲಿ, ಆರಿದ ಮೇಲೆ ಎಷ್ಟು ಲೀಟರ್ ನೀರು ಹಿಡಿಯಿತು, ಈ ನಾಲ್ಕನ್ನು ಒಂದು ವಾರ ಬರೆದಿಡಿ. ಶಾಲೆಯಲ್ಲಿ ಶಾಖದ ಪಾಠ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈ ಲೆಕ್ಕವನ್ನು ಅವರ ಕೈಗೆ ಕೊಡಬಹುದು. ಕೊಂಕಣಿ ಅಥವಾ ಹಿಂದಿ ಮಾತಾಡುವ ಮೆಕ್ಯಾನಿಕ್‌ಗೆ ಅದನ್ನು ಓದಿ ಹೇಳುವುದೂ ಅವರಿಗೆ ಸುಲಭ. ಹೆಡ್ ಬಿಚ್ಚಬೇಕೆಂಬ ಮಾತು ಬಂದರೆ, ಮೇಲಿನ ಮೊದಲ ಐದು ಪರೀಕ್ಷೆಗಳು ಆಗಿವೆಯೇ, ಗುಳ್ಳೆ ಅಥವಾ ಹಾಲಾದ ಆಯಿಲ್ ಕಂಡಿದೆಯೇ ಎಂದು ಕೇಳಿ. ಕಂಡಿದ್ದರೆ ತಡಮಾಡದೆ ಒಪ್ಪಿಕೊಳ್ಳಿ; ಕಂಡಿಲ್ಲವಾದರೆ ಆ ಪರೀಕ್ಷೆಗಳನ್ನು ಮುಗಿಸಿದ ಮೇಲೆಯೇ ಮುಂದಿನ ಮಾತು ಆಡಿ.