ಕಾಲಿನ ಉಬ್ಬುನರ: ತಿಳಿವಳಿಕೆ ಮತ್ತು ಚಿಕಿತ್ಸೆಯ ಇತಿಹಾಸ

ಉಬ್ಬುನರ ಅಥವಾ ವೆರಿಕೋಸ್ ವೇನ್ಸ್ ಎಂದರೆ ಕಾಲಿನ ಚರ್ಮದಡಿಯ ಅಭಿಧಮನಿಗಳು ಹಿಗ್ಗಿ, ಅಂಕುಡೊಂಕಾಗಿ ಹೊರಗೆ ಕಾಣುವ ಸ್ಥಿತಿ. ನಿಂತಾಗ 3 ಮಿ.ಮೀ. ಅಥವಾ ಹೆಚ್ಚು ಅಗಲವಿರುವ ನಾಳಗಳನ್ನು ಈ ಹೆಸರಿನಿಂದ ಕರೆಯುತ್ತಾರೆ. 1 ಮಿ.ಮೀ.ಗಿಂತ ಸಣ್ಣದಾದ ಕೆಂಪು, ನೀಲಿ ಎಳೆಗಳು ಜೇಡಬಲೆ ನಾಳಗಳು. ಕಾಲಿನ ರಕ್ತವನ್ನು ಮೀನಖಂಡದ ಸ್ನಾಯುಗಳು ನಡೆದಾಗಲೆಲ್ಲ ಹಿಂಡಿ ಮೇಲಕ್ಕೆ ತಳ್ಳುತ್ತವೆ; ಅದು ಮತ್ತೆ ಕೆಳಗೆ ಇಳಿಯದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ಕವಾಟ ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಮ್ಮುಖವಾಗಿ ಹರಿದು, ಒತ್ತಡ ಹೆಚ್ಚಿ ನಾಳ ಉಬ್ಬುತ್ತದೆ. ವಂಶ, ವಯಸ್ಸು, ಬಸಿರು, ಬೊಜ್ಜು, ಬಹಳ ಹೊತ್ತು ನಿಂತು ಮಾಡುವ ಕೆಲಸ ಇದಕ್ಕೆ ಪೂರಕ. ಕಾಲು ಭಾರವಾಗುವುದು, ಊತ, ತುರಿಕೆ ಸಾಮಾನ್ಯ ಲಕ್ಷಣಗಳು. ಅಲಕ್ಷಿಸಿದರೆ ಕೆಲವರಲ್ಲಿ ಹರಡಿನ ಬಳಿ ಚರ್ಮ ಕಪ್ಪಾಗಿ ಹುಣ್ಣಾಗುತ್ತದೆ.

ಪ್ರಾಚೀನ ಕಾಲ

ಕ್ರಿ.ಪೂ. ಸುಮಾರು 1550ರ ಈಜಿಪ್ಟಿನ ಎಬರ್ಸ್ ಪ್ಯಾಪಿರಸ್‌ನಲ್ಲಿ ಹಾವಿನಂತೆ ಸುತ್ತಿಕೊಂಡ ನಾಳಗಳ ಪ್ರಸ್ತಾಪವಿದೆ. ಅವುಗಳ ಮೇಲೆ ಶಸ್ತ್ರ ಹಾಕಬಾರದೆಂದು ಅದು ಎಚ್ಚರಿಸುತ್ತದೆ. ಅಥೆನ್ಸ್‌ನ ಅಕ್ರೋಪೊಲಿಸ್ ಬುಡದಲ್ಲಿ ದೊರೆತ, ಕ್ರಿ.ಪೂ. 4ನೆಯ ಶತಮಾನದ ಹರಕೆಯ ಶಿಲ್ಪವೊಂದರಲ್ಲಿ ಉಬ್ಬಿದ ನಾಳವಿರುವ ದೊಡ್ಡ ಕಾಲನ್ನು ಹಿಡಿದ ಪುರುಷನಿದ್ದಾನೆ. ಹಿಪೊಕ್ರಟಿಸ್ ಪರಂಪರೆಯ ಗ್ರಂಥಗಳು ಕಾಲಿನ ಹುಣ್ಣಿದ್ದವರು ನಿಲ್ಲುವುದು ಒಳ್ಳೆಯದಲ್ಲ ಎನ್ನುತ್ತವೆ. ರೋಮಿನ ಸೆಲ್ಸಸ್ ನಾಳವನ್ನು ಸುಡುವ ಇಲ್ಲವೇ ಕತ್ತರಿಸಿ ತೆಗೆಯುವ ಕ್ರಮಗಳನ್ನು ಬರೆದ. ಸೇನಾಪತಿ ಗಾಯಸ್ ಮಾರಿಯಸ್ ಕಟ್ಟಿಹಾಕಿಸಿಕೊಳ್ಳದೆಯೇ ಒಂದು ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನೆಂದೂ, ಇಷ್ಟು ನೋವು ತಿನ್ನುವಷ್ಟು ಲಾಭವಿಲ್ಲವೆಂದು ಇನ್ನೊಂದು ಕಾಲನ್ನು ಮುಟ್ಟಗೊಡಲಿಲ್ಲವೆಂದೂ ಪ್ಲುಟಾರ್ಕ್ ದಾಖಲಿಸಿದ್ದಾನೆ. ಸುಶ್ರುತ ಸಂಹಿತೆಯಲ್ಲಿ ಬರುವ ಸಿರಾಜ ಗ್ರಂಥಿಯನ್ನು ಇಂದಿನ ಆಯುರ್ವೇದ ವೈದ್ಯರು ಉಬ್ಬುನರಕ್ಕೆ ಹೋಲಿಸುತ್ತಾರೆ. 7ನೆಯ ಶತಮಾನದಲ್ಲಿ ಎಜಿನಾದ ಪೌಲಸ್ ತೊಡೆಯ ನಾಳವನ್ನು ದಾರದಿಂದ ಬಿಗಿಯುವ ವಿಧಾನವನ್ನು ವಿವರಿಸಿದ. ಇವರಾರಿಗೂ ರಕ್ತ ಹರಿಯುವ ದಿಕ್ಕು ತಿಳಿದಿರಲಿಲ್ಲ. ಕಣ್ಣಿಗೆ ಕಂಡ ಉಬ್ಬೇ ಅವರ ಗುರಿ.

ಕವಾಟಗಳ ಅರಿವು

ಪಡುವಾದ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಯ ಕವಾಟಗಳ ಬಗ್ಗೆ ಗ್ರಂಥ ಪ್ರಕಟಿಸಿದರೂ, ಅವು ರಕ್ತದ ವೇಗ ತಗ್ಗಿಸುತ್ತವೆಂದಷ್ಟೇ ಭಾವಿಸಿದ. ಅವನಲ್ಲಿ ಕಲಿತ ವಿಲಿಯಂ ಹಾರ್ವೆ 1628ರಲ್ಲಿ ಆ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು ತೋರಿಸಿದ. ಇಂಗ್ಲೆಂಡಿನ ರಿಚರ್ಡ್ ವೈಸ್‌ಮನ್ 1676ರಲ್ಲಿ ಕಾಲಿನ ಹುಣ್ಣಿಗೂ ಉಬ್ಬಿದ ನಾಳಕ್ಕೂ ಇರುವ ನಂಟನ್ನು ಬರೆದು, ಲೇಸಿನಿಂದ ಬಿಗಿಯುವ ಚರ್ಮದ ಕಾಲುಚೀಲವನ್ನು ಬಳಸಿದ.

ಕಾಯಿಲೆಯ ಮೂಲ ಕಣ್ಣಿಗೆ ಕಾಣುವ ಉಬ್ಬಿಗಿಂತ ಮೇಲಿರಬಹುದೆಂಬ ವಿಚಾರ ಚಿಕಿತ್ಸೆಯನ್ನು ಬದಲಿಸಿದ್ದು 19ನೆಯ ಶತಮಾನದಲ್ಲಿ. ಜರ್ಮನಿಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ರೋಗಿಯನ್ನು ಮಲಗಿಸಿ, ಕಾಲೆತ್ತಿ ನಾಳ ಬರಿದುಮಾಡಿ, ತೊಡೆಯಲ್ಲಿ ಒತ್ತಿಹಿಡಿದು ನಿಲ್ಲಿಸುತ್ತಿದ್ದ. ಒತ್ತಿದ ಬೆರಳು ತೆಗೆದೊಡನೆ ನಾಳ ಮೇಲಿನಿಂದ ತುಂಬಿಕೊಂಡರೆ ಹಿಮ್ಮುಖ ಹರಿವು ಖಚಿತ. ಈ ತರ್ಕದ ಮೇಲೆಯೇ ಅವನು 1890ರ ಸುಮಾರಿಗೆ ತೊಡೆಯಲ್ಲಿ ಚರ್ಮದಡಿಯ ದೊಡ್ಡ ಸಫೀನಸ್ ನಾಳವನ್ನು ಕಟ್ಟುವ ಚಿಕಿತ್ಸೆ ಪ್ರಕಟಿಸಿದ. ಬಾಸ್ಟನ್‌ನ ಜಾನ್ ಹೋಮನ್ಸ್ 1916ರಲ್ಲಿ ತೊಡೆಸಂದಿಯಲ್ಲಿ, ಈ ನಾಳ ಆಳದ ನಾಳವನ್ನು ಕೂಡುವಲ್ಲಿಯೇ ಕಟ್ಟಬೇಕೆಂದು ವಾದಿಸಿದ.

ನಾಳ ಕೀಳುವ ಯುಗ

1905ರಿಂದ 1907ರೊಳಗೆ ಅಮೆರಿಕದ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ನಾಳವನ್ನು ಉದ್ದಕ್ಕೂ ಸೆಳೆದು ತೆಗೆಯುವ ಬೇರೆಬೇರೆ ಉಪಕರಣಗಳನ್ನು ರೂಪಿಸಿದರು. ಬ್ಯಾಬ್‌ಕಾಕ್‌ನದು ನಾಳದೊಳಗೆ ತೂರಿಸುವ ಬಾಗುವ ಸರಳು. ಸ್ಟ್ರಿಪ್ಪಿಂಗ್ ಎಂಬ ಈ ಕ್ರಮ ಆ ಶತಮಾನವಿಡೀ ಪ್ರಧಾನ ಶಸ್ತ್ರಚಿಕಿತ್ಸೆಯಾಗಿತ್ತು. 1967ರಲ್ಲಿ ಕ್ಲೀವ್‌ಲ್ಯಾಂಡ್‌ನ ರೆನೆ ಫಾವಲೊರೊ ಇದೇ ಸಫೀನಸ್ ನಾಳವನ್ನು ಹೃದಯದ ಬೈಪಾಸ್‌ಗೆ ಬಳಸಿದ ಮೇಲೆ, ಕೆಡದ ನಾಳವನ್ನು ಸುಮ್ಮನೆ ಕೀಳಬಾರದೆಂಬ ವಾದಕ್ಕೆ ಬಲ ಬಂತು. ಔಷಧ ಚುಚ್ಚಿ ನಾಳವನ್ನು ಮುಚ್ಚಿಸುವ ಸ್ಕ್ಲೆರೋಥೆರಪಿ ಸುರಕ್ಷಿತ ದ್ರಾವಣಗಳು ಬಂದ ಬಳಿಕ ನೆಲೆಯೂರಿತು. ಚುಚ್ಚಿದ ಮೇಲೆ ಬಿಗಿಯಾಗಿ ಕಟ್ಟುವ ಪದ್ಧತಿಯನ್ನು ಡಬ್ಲಿನ್‌ನ ಜಾರ್ಜ್ ಫೀಗನ್ ಪ್ರಚಾರಕ್ಕೆ ತಂದ. ಹರಡಿನಲ್ಲಿ ಹೆಚ್ಚು, ಮೇಲೇರಿದಂತೆ ಕಡಿಮೆ ಒತ್ತಡ ಕೊಡುವ ಕಾಲುಚೀಲವನ್ನು ರೂಪಿಸಿದ ಕಾನ್ರಾಡ್ ಜೋಬ್ಸ್ಟ್ ವೃತ್ತಿಯಲ್ಲಿ ಎಂಜಿನಿಯರ್. ಅವನೂ ಈ ಕಾಯಿಲೆಯಿಂದ ಬಳಲುತ್ತಿದ್ದ.

ಸ್ಕ್ಯಾನ್ ಮತ್ತು ಶಾಖ

1980ರ ದಶಕದಿಂದ ಡ್ಯೂಪ್ಲೆಕ್ಸ್ ಅಲ್ಟ್ರಾಸೌಂಡ್ ಹಿಮ್ಮುಖ ಹರಿವನ್ನು ಪರದೆಯ ಮೇಲೆ ನೇರ ತೋರಿಸತೊಡಗಿತು. ಬರಿಗಣ್ಣಿಗೆ ಕಾಣುವ ಉಬ್ಬಿಗಿಂತ ಅದಕ್ಕೆ ರಕ್ತ ನುಗ್ಗಿಸುವ ನಾಳವನ್ನು ಹುಡುಕುವುದು ಸುಲಭವಾಯಿತು. ಸ್ಕ್ಯಾನ್ ನೋಡುತ್ತಲೇ ನಾಳದೊಳಗೆ ಸಪೂರ ತಂತಿ ಸೇರಿಸಿ ಶಾಖದಿಂದ ಮುಚ್ಚಿಸುವ ರೇಡಿಯೋ ತರಂಗ ಮತ್ತು ಲೇಸರ್ ವಿಧಾನಗಳು 1990ರ ದಶಕದ ಕೊನೆಯಲ್ಲಿ ಬಂದವು. ಸ್ಥಳೀಯ ಅರಿವಳಿಕೆ ಸಾಕಾಗುವುದರಿಂದ ರೋಗಿ ಅದೇ ದಿನ ನಡೆದು ಮನೆಗೆ ಹೋಗಬಹುದು. ನೊರೆರೂಪದ ಸ್ಕ್ಲೆರೋಥೆರಪಿ ಮತ್ತು ಅಂಟಿನಿಂದ ಮುಚ್ಚುವ ವಿಧಾನಗಳೂ ಜೊತೆಗೂಡಿದವು.

ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಶಾಖಚಿಕಿತ್ಸೆಗೆ ಮೊದಲ ಸ್ಥಾನ, ನೊರೆಗೆ ಎರಡನೆಯದು, ಶಸ್ತ್ರಚಿಕಿತ್ಸೆಗೆ ಮೂರನೆಯದು ಎಂದು ಸೂಚಿಸಿತು. ಕಾಲುಚೀಲ ಮಾತ್ರದ ಚಿಕಿತ್ಸೆಯನ್ನು ಈ ವಿಧಾನಗಳು ಹೊಂದದವರಿಗೆ ಸೀಮಿತಗೊಳಿಸಿತು. ಹುಣ್ಣಿನ ವಿಷಯದಲ್ಲಿ ಬಿಗಿಪಟ್ಟಿ ಇಂದಿಗೂ ಅಗತ್ಯ. ಆದರೆ 450 ರೋಗಿಗಳ ಇವ್ರಾ ಪ್ರಯೋಗದಲ್ಲಿ (2018) ಪಟ್ಟಿಯ ಜೊತೆಗೆ ಕೆಟ್ಟ ನಾಳವನ್ನೂ ಬೇಗ ಮುಚ್ಚಿದವರ ಹುಣ್ಣು ಮಾಯಲು ಹಿಡಿದ ಮಧ್ಯಮಾಂಕ ಅವಧಿ 56 ದಿನ. ಮುಚ್ಚುವುದನ್ನು ಮುಂದೂಡಿದವರಲ್ಲಿ 82 ದಿನ.