ಎರೆ ನೆಲ ಜಗ್ಗಿ ನೋಡಿದ ಟ್ರ್ಯಾಕ್ಟರುಗಳು

ಬಾನೆಟ್ಟಿನ ಮೇಲಿನ ಅಂಕಿ ಓದಿ ಟ್ರ್ಯಾಕ್ಟರಿನ ತಾಕತ್ತು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಚ್.ಎಂ.ಟಿ. 2511 ಅಂದರೆ 25 ಅಶ್ವಶಕ್ತಿ, 5911 ಅಂದರೆ 59. ಮಹೀಂದ್ರ ಬಿ-275ರಲ್ಲಿ ಅಂಕಿಗೂ ಶಕ್ತಿಗೂ ಸಂಬಂಧವಿಲ್ಲ. ಅದು 35ರ ಗಾಡಿ. ಆದರೆ ನವಲಗುಂದದ ಕಡೆ ಬೇಸಿಗೆಗೆ ಬಿರಿದು ಕಲ್ಲಾದ ಎರೆಗೆ ನೇಗಿಲು ಇಳಿಸಿದಾಗ, ಒಂದೇ ಶಕ್ತಿಯ ಎರಡು ಟ್ರ್ಯಾಕ್ಟರುಗಳಲ್ಲಿ ಒಂದು ಸಾಲು ಮುಗಿಸಿ ಹೊರಳುತ್ತದೆ, ಇನ್ನೊಂದು ನಿಂತಲ್ಲೇ ಗಾಲಿ ತಿರುಗಿಸುತ್ತದೆ. ಮೊದಲು ಇವುಗಳ ಡ್ರೈವರನಾಗಿ, ಆಮೇಲೆ ಇವನ್ನೇ ಬಿಚ್ಚಿ ಜೋಡಿಸುವ ಮೇಸ್ತ್ರಿಯಾಗಿ ನಾನು ಕಂಡದ್ದು ಇದು.

ಟ್ರ್ಯಾಕ್ಟರ್ ಬರುವ ಮುಂಚೆ ನಮ್ಮ ಸೀಮೆಯ ರೈತನ ದೊಡ್ಡ ಶತ್ರು ಕರಕಿ ಹುಲ್ಲು. ಅದರ ಬೇರು ಎರೆಯೊಳಗೆ ಆಳಕ್ಕೆ ಇಳಿಯುತ್ತದೆ. ಮರದ ನೇಗಿಲಿಗೆ ಸಿಗುವುದಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಇಂಥ ದೊಡ್ಡ ನೇಗಿಲಿಗೆ ನಾಲ್ಕಾರು ಜೊತೆ ಎತ್ತು ಹೂಡಿ ಕರಕಿ ಕಿತ್ತರು. ದಿನವಿಡೀ ದುಡಿಯುವ ಒಂದು ಜೊತೆ ಎತ್ತಿನ ಬಲ ಸುಮಾರು ಒಂದು ಅಶ್ವಶಕ್ತಿ. ಅಷ್ಟು ಎತ್ತುಗಳನ್ನು ಒಟ್ಟಿಗೆ ಕೂಡಿಸುವುದು ಎಲ್ಲರಿಂದ ಆಗುವ ಕೆಲಸವಾಗಿರಲಿಲ್ಲ.

ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನಿಂದ ಬಂತು; ಅದು ಜರ್ಮನಿ ಮೂಲದ ಐಷರ್. ಅರವತ್ತರ ದಶಕದಲ್ಲಿ ಮದ್ರಾಸಿನಿಂದ ಮ್ಯಾಸಿ ಫರ್ಗ್ಯೂಸನ್, ಮುಂಬೈಯಿಂದ ಇಂಟರ್‌ನ್ಯಾಷನಲ್ ಬಿ-275 (ಮುಂದೆ ಅದೇ ಮಹೀಂದ್ರ ಬಿ-275) ಬಂದವು. 1971ರಲ್ಲಿ ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಜೆಕ್ ದೇಶದ ಝೆಟರ್ ಮಾದರಿಯನ್ನು ಹರಿಯಾಣದ ಪಿಂಜೋರಿನಲ್ಲಿ ತಯಾರಿಸತೊಡಗಿತು. 1974ರ ಸ್ವರಾಜ್ 724 ಮಾತ್ರ ದುರ್ಗಾಪುರದ ನಮ್ಮದೇ ಎಂಜಿನಿಯರುಗಳ ವಿನ್ಯಾಸ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಐಷರ್ ಮತ್ತು ಎಚ್.ಎಂ.ಟಿ. 2511, ಎರಡರ ಎಂಜಿನ್ನೂ ಒಂದೂವರೆ ಲೀಟರಿನ ಆಸುಪಾಸು, ಶಕ್ತಿಯೂ 25ರ ಹತ್ತಿರ. ಆದರೆ ಐಷರಿಗೆ ಒಂದೇ ಸಿಲಿಂಡರ್, ಝೆಟರಿಗೆ ಎರಡು. ಐಷರಿನ ಒಂದು ದೊಡ್ಡ ಪಿಸ್ಟನ್ನಿನ ಹೊಡೆತ ಸೀಟಿನವರೆಗೂ ಬರುತ್ತಿತ್ತು, ಸಂಜೆ ಇಳಿದಾಗ ಅಂಗೈ ಜುಮ್ಮೆನ್ನುತ್ತಿತ್ತು. ಆದರೂ ಅದನ್ನು ಹೊಗಳಲೇಬೇಕು: ಗಾಳಿಯಿಂದ ತಂಪಾಗುವ ಎಂಜಿನ್, ರೇಡಿಯೇಟರೇ ಇಲ್ಲ. ಅಂತರ್ಜಲವೆಲ್ಲ ಉಪ್ಪಾಗಿ, ಕುಡಿಯಲಿಕ್ಕೇ ಕೆರೆ ನಂಬಿದ ಊರಿನಲ್ಲಿ ಹೊಲಕ್ಕೆ ನೀರಿನ ಕೊಡ ಹೊರಬೇಕಾಗಿಲ್ಲ ಅನ್ನುವುದು ಸಣ್ಣ ಮಾತಲ್ಲ. ಬಿಡಿಭಾಗ ಕಡಿಮೆ, ಡೀಸೆಲ್ಲೂ ಕಡಿಮೆ. ಕೂರಿಗೆ ಹಿಡಿದು ಬಿತ್ತಲು, ಹರಗಲು ಅದು ಸಾಕು. ಒಣ ಎರೆಯಲ್ಲಿ ಪಲ್ಟಿ ನೇಗಿಲು ಹೊಡೆಯಲು ಸಾಲದು.

ಆ ಕೆಲಸಕ್ಕೆ ಬೇಕಾದದ್ದು 35ರ ಗಾಡಿಗಳು: ಮ್ಯಾಸಿಯ 1035 ಮತ್ತು ಬಿ-275. ಇಲ್ಲಿಯೂ ಎಂಜಿನ್ ಎರಡೂವರೆ ಲೀಟರಿನ ಆಸುಪಾಸು. ಮ್ಯಾಸಿಗೆ ಮೂರು ಸಿಲಿಂಡರ್, ಬಿ-275ಕ್ಕೆ ನಾಲ್ಕು. ನನಗೆ ಕೆಲಸ ಕಲಿಸಿದ ಹಿರಿಯ ಡ್ರೈವರ್ ಹೇಳುತ್ತಿದ್ದ: “ಇಂಜಿನ್ ಜಗ್ಗೂದಿಲ್ಲೋ ತಮ್ಮಾ, ಗಾಲಿ ಜಗ್ಗತಾವು.” ಲೆಕ್ಕ ಹಾಕಿದರೆ ಅವನ ಮಾತು ದಿಟ. 35ರಲ್ಲಿ 20 ಅಶ್ವಶಕ್ತಿ ನೇಗಿಲಿನವರೆಗೆ ತಲುಪಿತು ಅನ್ನಿ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಅದು ಸುಮಾರು 1,350 ಕೆ.ಜಿ. ಎಳೆತ. ಆದರೆ ಒಂದೂಮುಕ್ಕಾಲು ಟನ್ನಿನ ಗಾಡಿ ಹೊಲದಲ್ಲಿ ತನ್ನ ತೂಕದ ಅರ್ಧದಷ್ಟು ಜಗ್ಗಿದರೆ ಅದೇ ದೊಡ್ಡದು. ಎಂಜಿನ್ನಿನಲ್ಲಿ ಬಲ ಉಳಿದಿರುತ್ತದೆ, ಟೈರು ಜಾರುತ್ತದೆ. ಅದಕ್ಕೇ ಹಿಂದಿನ ಗಾಲಿಗೆ ಎರಕದ ತೂಕ ಕಟ್ಟುತ್ತಿದ್ದೆವು, ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಿದ್ದೆವು. ಒಂದೊಂದು ಗಾಲಿಗೂ 150 ಕೆ.ಜಿ.ಯಷ್ಟು ತೂಕ ಸೇರುತ್ತಿತ್ತು. ಮಳೆ ಬಿದ್ದ ಮೇಲೆ ಆ ನೀರನ್ನು ಬಿಡುವ ಶ್ರಮವನ್ನು ಬಹಳ ಜನ ತೆಗೆದುಕೊಳ್ಳಲಿಲ್ಲ. ಹಸಿ ಎರೆಯ ಮೇಲೆ ಭಾರದ ಗಾಡಿ ಓಡಿ ಎಷ್ಟೋ ಹೊಲಗಳ ಅಡಿಮಣ್ಣು ಗಟ್ಟಿಯಾಯಿತು. ಹಿಂಗಾರಿ ಬಿತ್ತನೆಗೆ ಹದ ನೋಡಿ ಹಗುರ ಗಾಡಿಯನ್ನೇ ಇಳಿಸಬೇಕು ಎಂದು ನಾನು ಈಗಲೂ ವಾದಿಸುತ್ತೇನೆ.

ಮ್ಯಾಸಿಯ ಹೆಚ್ಚುಗಾರಿಕೆ ಅದರ ಲಿಫ್ಟಿನಲ್ಲಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ನೇಗಿಲನ್ನು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೆ ಕೂಡಿಸಿದ. ಗಟ್ಟಿ ಮಣ್ಣು ಸಿಕ್ಕಾಗ ಮೇಲಿನ ತೋಳು ಸ್ಪ್ರಿಂಗನ್ನು ಒತ್ತುತ್ತದೆ, ಹೈಡ್ರಾಲಿಕ್ ನೇಗಿಲನ್ನು ತುಸು ಎತ್ತುತ್ತದೆ, ಆ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ. ಜಾರಬೇಕಾದ ಗಾಲಿ ಆ ಗಳಿಗೆಯಲ್ಲೇ ನೆಲ ಕಚ್ಚುತ್ತದೆ. 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದ ಅವನ ಪುಟ್ಟ ಬೂದುಬಣ್ಣದ ಟ್ರ್ಯಾಕ್ಟರ್ ತನ್ನ ತೂಕ ಮೀರಿದ ಕೆಲಸ ಮಾಡಿದ್ದು ಹೀಗೆ. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಸೀಟಿನ ಪಕ್ಕದ ಎರಡು ಲಿವರುಗಳಲ್ಲಿ ಒಂದು ಇದಕ್ಕೆಂದೇ ಇರುವುದು. ಅದನ್ನು ಮುಟ್ಟದೆ ಬರೀ ಎತ್ತುವ ಇಳಿಸುವ ಲಿವರಿನಲ್ಲೇ ಆಯುಷ್ಯ ಕಳೆದ ಡ್ರೈವರುಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ರೋಟಾವೇಟರ್ ಬಂದ ಮೇಲೆ ಈ ಲೆಕ್ಕವೆಲ್ಲ ತಿರುಗಿತು. ಅದನ್ನು ಗಾಲಿ ಜಗ್ಗಬೇಕಾಗಿಲ್ಲ. ನಿಮಿಷಕ್ಕೆ 540 ಸುತ್ತು ತಿರುಗುವ ಹಿಂಬದಿಯ ಶಾಫ್ಟಿನಿಂದ ಎಂಜಿನ್ನೇ ನೇರ ದುಡಿಯಬೇಕು. 45ಕ್ಕಿಂತ ಕಡಿಮೆಯವು ಎರೆಯಲ್ಲಿ ಏದುಸಿರು ಬಿಟ್ಟವು. ಈ ನಡುವೆ ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅದರ ಗಾಡಿಗಳು ಇನ್ನೂ ಹೊಲದಲ್ಲಿವೆ, ರಿಪೇರಿಗೆ ನನ್ನ ಅಂಗಳಕ್ಕೂ ಬರುತ್ತವೆ.

ಐದಾರು ಎಕರೆ ಎರೆ ಇದ್ದವರು ಹಳೆಯದನ್ನು ಕೊಳ್ಳಲು ಸಲಹೆ ಕೇಳಿದರೆ 35ರ ಮೂರು ಸಿಲಿಂಡರಿನದನ್ನೇ ಹೇಳುತ್ತೇನೆ. ಬಣ್ಣ ನೋಡಬೇಡಿ. ನೇಗಿಲು ಎತ್ತಿ ಎಂಜಿನ್ ಬಂದ್ ಮಾಡಿ, ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ನೇಗಿಲು ನೆಲಕ್ಕೆ ಇಳಿದಿದ್ದರೆ ಲಿಫ್ಟ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.