ಐವರು ಕಂಡ ಅಕ್ರಮ: ದೂರಿನ ಸಂಭವನೀಯತೆಯ ಲೆಕ್ಕದಲ್ಲೊಂದು ತಕರಾರು

ಅಮೆರಿಕದ ಎಥಿಕ್ಸ್ ರಿಸೋರ್ಸ್ ಸೆಂಟರ್‌ನ 2013ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 41 ನೌಕರರು ತಮ್ಮ ಕೆಲಸದ ಜಾಗದಲ್ಲಿ ಅಕ್ರಮ ಕಂಡಿದ್ದಾಗಿ ಹೇಳಿದರು. ಕಂಡವರಲ್ಲಿ ಶೇ. 63 ಮಂದಿ ದೂರು ಕೊಟ್ಟಿದ್ದರು, ಕೊಟ್ಟವರಲ್ಲಿ ಶೇ. 21 ಮಂದಿ ಸೇಡಿಗೆ ಗುರಿಯಾಗಿದ್ದರು. ಮೂರರ ಛೇದವೂ ಬೇರೆ. ಆದ್ದರಿಂದ ಎಲ್ಲ ನೌಕರರ ಪೈಕಿ ಈ ಮೂರನ್ನೂ ಅನುಭವಿಸಿದವರು 0.41 × 0.63 × 0.21, ಅಂದರೆ ಸುಮಾರು ಶೇ. 5.4. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದೇ ಅಕ್ರಮವನ್ನು ಐವರು ಕಂಡರೆ ಒಬ್ಬರಾದರೂ ದೂರು ಕೊಡುವ ಸಂಭವನೀಯತೆ ಎಷ್ಟು? ತರಗತಿಯ ರೂಢಿಯ ಉತ್ತರದಲ್ಲಿ ಐವರೂ ಸುಮ್ಮನಿರುವುದು 0.37ರ ಐದನೇ ಘಾತ, ಸುಮಾರು 0.007, ಒಬ್ಬರಾದರೂ ಬಾಯಿಬಿಡುವುದು ಶೇ. 99.3. ಇದನ್ನು ನಂಬಿದ ಆಡಳಿತಕ್ಕೆ ದೂರು ಬಾರದಿರುವುದೇ ಅಕ್ರಮವಿಲ್ಲವೆಂಬುದಕ್ಕೆ ಪುರಾವೆಯಾಗಿ ತೋರುತ್ತದೆ. ಹಾಗಾಗಿ ಈ ಲೆಕ್ಕವನ್ನು ಪ್ರಶ್ನಿಸಲೇಬೇಕು.

ಶೇ. 63 ಎಂಬುದು ಅನೇಕ ಕಚೇರಿಗಳ ಸರಾಸರಿ. ಐವರಾದರೋ ಒಂದೇ ಕಚೇರಿಯವರು, ಬಹುಶಃ ಒಬ್ಬರೇ ಮೇಲಧಿಕಾರಿಯ ಕೈಕೆಳಗಿನವರು. ಅರ್ಧ ಕಚೇರಿಗಳಲ್ಲಿ ದೂರಿನ ಸಂಭವನೀಯತೆ 0.93, ಉಳಿದರ್ಧದಲ್ಲಿ 0.33 ಎಂದಿಟ್ಟುಕೊಳ್ಳೋಣ. ಸರಾಸರಿ ಅದೇ 0.63. ಮೊದಲ ಬಗೆಯಲ್ಲಿ ಐವರೂ ಸುಮ್ಮನಿರುವುದು ಇಲ್ಲವೆನ್ನುವಷ್ಟು ಅಪರೂಪ; ಎರಡನೆಯದರಲ್ಲಿ 0.67ರ ಐದನೇ ಘಾತ, 0.135. ಒಟ್ಟಾರೆ 0.0675, ರೂಢಿಯ ಉತ್ತರದ ಸುಮಾರು ಹತ್ತು ಪಟ್ಟು. ಈ ಬೆಲೆಗಳು ವಾದಕ್ಕಾಗಿ ಊಹಿಸಿದವು. ಆದರೆ ಕಚೇರಿಗಳ ನಡುವೆ ವ್ಯತ್ಯಾಸ ಕಿಂಚಿತ್ತಿದ್ದರೂ, ಒಳಗಿನ ಐವರನ್ನು ಸ್ವತಂತ್ರರೆಂದೇ ಒಪ್ಪಿದರೂ, ಮೌನದ ಸಂಭವನೀಯತೆ ರೂಢಿಯ ಲೆಕ್ಕವನ್ನು ಮೀರಲೇಬೇಕು.

ಅವರು ಸ್ವತಂತ್ರರೆಂಬುದೂ ಅನುಮಾನವೇ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರ್ಛೆಗೊಳಗಾದವನ ದನಿ ತಮಗೊಬ್ಬರಿಗೇ ಕೇಳುತ್ತಿದೆಯೆಂದು ನಂಬಿದವರಲ್ಲಿ ಶೇ. 85 ಮಂದಿ ಅದು ಮುಗಿಯುವ ಮೊದಲೇ ನೆರವು ಕೋರಿದರು; ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಶೇ. 31 ಮಾತ್ರ. ಅಂಥ ಐವರನ್ನು ಒಟ್ಟುಗೂಡಿಸಿದರೆ 1 − 0.69⁵, ಸುಮಾರು 0.84. ಸಾಕ್ಷಿಗಳು ಐವರಾದರೂ ಫಲ ಒಬ್ಬನಷ್ಟೇ! ತುರ್ತು ಸನ್ನಿವೇಶದ ಈ ಫಲಿತಾಂಶವನ್ನು ತಿಂಗಳುಗಟ್ಟಲೆ ನಡೆಯುವ ಕಚೇರಿಯ ಅಕ್ರಮಕ್ಕೆ ನೇರವಾಗಿ ಹಚ್ಚಲಾಗದು. ಸೇಡಿನ ಭಯವಿರುವಲ್ಲಿ ಜೊತೆಗಾರರಿರುವುದು ಧೈರ್ಯವನ್ನೂ ಕೊಡಬಹುದು. ಆಗ ಪರಿಣಾಮದ ದಿಕ್ಕೇ ತಿರುಗೀತು. ಮೇಲಿನ ಮೂರು ಶೇಕಡಾವಾರುಗಳಿಂದ ಇದನ್ನು ಬಗೆಹರಿಸಲಾಗದು. ಅದಕ್ಕೆ ಪ್ರತಿಕ್ರಿಯೆ ನೀಡಿದವರನ್ನು ಕಚೇರಿವಾರು ವಿಂಗಡಿಸಬೇಕು. ಆ ಅಕ್ರಮ ಇನ್ನೆಷ್ಟು ಮಂದಿಗೆ ಗೊತ್ತಿತ್ತೆಂದು ಒಬ್ಬೊಬ್ಬರನ್ನೂ ಕೇಳಬೇಕು.